ಕಿವಿಗೆ ಕೇಳದ ಕೂಗು

ಸಂಜೆಯಾಯಿತು. ದೀಪ ಹಚ್ಚುವ ಹೊತ್ತು. ಅಜ್ಜಿ ಜಗಲಿಯ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಕಲಿಕಾ ಕೇಂದ್ರದ ಪುಸ್ತಕ ಇದೆ. ಅಜ್ಜಿಯ ಊರು ಕೋಲಾರ ಜಿಲ್ಲೆಯ ಒಂದು ಹಳ್ಳಿ. ಬಹಳ ವರ್ಷ ಅವಳು ಜಲ್ಲಿ ಒಡೆದಳು. ಈಗ ಅಕ್ಷರ ಕಲಿಯುತ್ತಿದ್ದಾಳೆ.

ಮೊಮ್ಮಗಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ರಜೆಗೆ ಬಂದಿದ್ದಾಳೆ. ಅವಳ ಕೈಯಲ್ಲಿ ಮೊಬೈಲು. ಅದಕ್ಕೆ ಒಂದು ಪುಟ್ಟ ಮೈಕು ಸಿಕ್ಕಿಸಿದ್ದಾಳೆ. ಅದನ್ನು ಆಕಾಶದ ಕಡೆ ಹಿಡಿದಿದ್ದಾಳೆ.

“ಏನೇ ಅದು? ಯಾರ ಮಾತು ಕೇಳ್ತಿದ್ದೀಯ?”

“ಬಾವಲಿಗಳದ್ದು ಕಣಜ್ಜಿ.”

“ಬಾವಲಿ ಮಾತಾಡೋದುಂಟೇ? ನಮ್ಮ ಸೂರಿನಲ್ಲೇ ಇದಾವೆ. ಹಾರುವಾಗ ಸದ್ದೇ ಇಲ್ಲ.”

“ಸದ್ದು ಇದೆ. ನಮ್ಮ ಕಿವಿಗೆ ಕೇಳೋದಿಲ್ಲ, ಅಷ್ಟೆ.”

ಬಾವಲಿ ಯಾಕೆ ಕೂಗುತ್ತದೆ?

ಬಾವಿಯೊಳಗೆ ಬಗ್ಗಿ ಕೂಗಿ ನೋಡಿ. ನಿಮ್ಮ ಕೂಗು ತಿರುಗಿ ಬರುತ್ತದೆ. ಅದೇ ಮಾರ್ದನಿ. ಹುಳ ತಿನ್ನುವ ಬಾವಲಿ ಹಾರುತ್ತಾ ಕೂಗುತ್ತದೆ. ಆ ಕೂಗು ಮರಕ್ಕೆ, ಗೋಡೆಗೆ, ಹುಳಕ್ಕೆ ತಗುಲಿ ತಿರುಗಿ ಬರುತ್ತದೆ. ಆ ಮಾರ್ದನಿ ಕೇಳಿ ಬಾವಲಿ ಕತ್ತಲಲ್ಲೂ ದಾರಿ ತಿಳಿಯುತ್ತದೆ. ಹುಳ ಹಿಡಿಯುತ್ತದೆ. ಬಾವಲಿ ಕುರುಡಲ್ಲ. ಅದಕ್ಕೆ ಕಣ್ಣೂ ಕಾಣುತ್ತದೆ.

ಸದ್ದು ಎಂದರೆ ಗಾಳಿಯ ನಡುಕ. ಒಂದು ಸೆಕೆಂಡಿಗೆ 20,000 ಸಲ ನಡುಗುವ ಸದ್ದಿನವರೆಗೆ ಮನುಷ್ಯರ ಕಿವಿಗೆ ಕೇಳಬಹುದು. ವಯಸ್ಸಾದಂತೆ ಅಷ್ಟೂ ಕೇಳುವುದಿಲ್ಲ. ಹುಳ ತಿನ್ನುವ ಬಾವಲಿಗಳ ಕೂಗು ಸಾಮಾನ್ಯವಾಗಿ ಅದಕ್ಕಿಂತ ಮೇಲಿನದು. ಅಮೆರಿಕದ ವಿಜ್ಞಾನಿ ಡೊನಾಲ್ಡ್ ಗ್ರಿಫಿನ್ 1938ರಲ್ಲಿ ಯಂತ್ರದ ಸಹಾಯದಿಂದ ಈ ಕೂಗನ್ನು ಪತ್ತೆ ಮಾಡಿದರು.

ಕೇಳದ ಕೂಗು ಕೇಳಿಸುವುದು ಹೇಗೆ?

ಮೊಮ್ಮಗಳು ಮೊಬೈಲು ಒತ್ತಿದಳು. “ಚಿಪ್... ಚಿಪ್... ಚಿಪ್...” ಎಂದು ಕೇಳಿಸಿತು. ಆಮೇಲೆ “ಚಿಪ್‌ಚಿಪ್‌ಚಿಪ್‌ಚಿರ್ರ್” ಎಂದು ಓಡಿತು.

“ಇದೇನೇ, ಅವಸರ ಬಿತ್ತು ಅದಕ್ಕೆ?”

“ಹೂಂ ಅಜ್ಜಿ. ಹುಳ ಹತ್ತಿರ ಬಂತು. ಹಿಡಿಯೋವಾಗ ಬೇಗ ಬೇಗ ಕೂಗ್ತದೆ. ಕೂಗನ್ನು ಮೊದಲು ಮೈಕಿನಲ್ಲಿ ಹಿಡೀಬೇಕು. ಆಮೇಲೆ 20 ಪಟ್ಟು ನಿಧಾನವಾಗಿ ಓಡಿಸಬೇಕು. ಆಗ ನಮ್ಮ ಕಿವಿಗೆ ಸಿಗ್ತದೆ.”

ಗೆರೆ ನೋಡಿ ಗುರುತಿಸಿ

ಮೊಬೈಲಿನಲ್ಲಿ ಗೆರೆಗಳು ಮೂಡಿದವು. ಸದ್ದು ಎತ್ತರವಾದರೆ ಗೆರೆ ಮೇಲೆ ಇರುತ್ತದೆ. ಇಳಿದರೆ ಕೆಳಗೆ ಬರುತ್ತದೆ.

“ಇದು ಕುಡುಗೋಲಿನ ಹಾಗಿದೆ” ಎಂದಳು ಅಜ್ಜಿ.

“ಸರಿಯಾಗಿ ಹೇಳಿದೆ! ಮನೆ ಸೂರಿನ ಪುಟ್ಟ ಬಾವಲಿ ಗೆರೆ ಹೀಗಿರ್ತದೆ. ಸರ್ರನೆ ಇಳಿದು ಕೊನೆಗೆ ಬಾಗ್ತದೆ. ಎಲೆಮೂಗಿನ ಬಾವಲಿಯದ್ದು ಬೇರೆ. ಅದು ಹಲಗೆಯ ಹಾಗೆ ಚಪ್ಪಟೆ. ಕೊನೆಯಲ್ಲಿ ಮಾತ್ರ ಕೆಳಗೆ ಒಂದು ಬಾಲ.”

“ಹಾಗಾದ್ರೆ ಇದೂ ಅಕ್ಷರವೇ ಆಯ್ತು!”

“ಅಕ್ಷರವೇ ಅಜ್ಜಿ. ನಾನೂ ಈಗ ಕಲೀತಾ ಇದೀನಿ. ಎಷ್ಟೋ ಸಲ ತಪ್ಪು ಓದ್ತೀನಿ.”

ಅಜ್ಜಿ ನಕ್ಕಳು. “ನಾನೂ ‘ಮ’ ನೋಡಿ ‘ವ’ ಅಂತ ಓದಿದ್ದೆ. ಒಂದು ಕೊಂಡಿಗೆ ಅಕ್ಷರ ಬದಲಾಗ್ತದೆ.”

ಬಾವಲಿ ಓದುವವರು ತಪ್ಪುವುದು ಹೀಗೆ. ಒಂದೇ ಬಾವಲಿ ಬಯಲಿನಲ್ಲಿ ಒಂದು ರೀತಿ ಕೂಗಬಹುದು. ಮರಗಳ ನಡುವೆ ಇನ್ನೊಂದು ರೀತಿ ಕೂಗಬಹುದು. ಎರಡು ಜಾತಿಗಳ ಕೂಗು ಒಂದೇ ತರಹ ಇರಬಹುದು. ಕೆಲವು ಮಿಡತೆಗಳ ಸದ್ದೂ ಮೈಕಿಗೆ ಬೀಳುತ್ತದೆ. ಅದಕ್ಕೆ ಒಂದೇ ಗೆರೆ ನೋಡಿ ಹೆಸರು ಹೇಳಬಾರದು. ಹತ್ತಾರು ಗೆರೆ ನೋಡಬೇಕು. ತಜ್ಞರು ಅನುಮತಿ ಪಡೆದು ಬಾವಲಿ ಹಿಡಿಯುತ್ತಾರೆ. ಜಾತಿ ಗುರುತಿಸುತ್ತಾರೆ. ಅದರ ಕೂಗನ್ನು ದಾಖಲಿಸಿ ಬಿಡುತ್ತಾರೆ. ಅಂಥ ಕೂಗಿನ ಜೊತೆ ಹೋಲಿಸಿ ನೋಡಬೇಕು. ಆಗಲೂ ಅನುಮಾನ ಇದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಬೇಕು.

ನಮ್ಮ ಜಿಲ್ಲೆಯ ಬಾವಲಿ

“ಇದನ್ನು ಕಲಿತು ಏನು ಮಾಡ್ತೀಯ?” ಅಜ್ಜಿ ಕೇಳಿದಳು.

“ಹನುಮನಹಳ್ಳಿ ಗವಿ ವಿಷಯ ಕೇಳಿದೀಯ? ಅಲ್ಲಿ ಒಂದು ಎಲೆಮೂಗಿನ ಬಾವಲಿ ಇದೆ. ಅದಕ್ಕೆ ನಮ್ಮ ಕೋಲಾರದ್ದೇ ಹೆಸರು.”

ಕೋಲಾರದ ಎಲೆಮೂಗಿನ ಬಾವಲಿ ಹೊಸ ಜಾತಿ ಎಂದು ವಿಜ್ಞಾನಿಗಳು 1994ರಲ್ಲಿ ತಿಳಿಸಿದರು. ಮೊದಲು ಅದು ತೇರಹಳ್ಳಿಯಲ್ಲೂ ಇತ್ತು. 2016ರ ಹೊತ್ತಿಗೆ ಹನುಮನಹಳ್ಳಿಯ ಒಂದೇ ಗವಿಯಲ್ಲಿ ಉಳಿದಿತ್ತು. ಆಗಿನ ಅಂದಾಜಿನಂತೆ ಇದ್ದವು 200ಕ್ಕಿಂತ ಕಡಿಮೆ. ಅದು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಗವಿಯ ಸುತ್ತ ಕಲ್ಲು ಗಣಿಗಾರಿಕೆ ನಡೆದದ್ದು ದೊಡ್ಡ ಕಾರಣ.

ಈ ಬಾವಲಿಯ ಕೂಗು ಸೆಕೆಂಡಿಗೆ 1 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಸಲ ನಡುಗುತ್ತದೆ. ಕೋಲಾರದಲ್ಲೇ ಇನ್ನೊಂದು ಎಲೆಮೂಗಿನ ಬಾವಲಿಯೂ ಸಿಕ್ಕಿದೆ. ಅದರ ಹೆಸರು ದುರ್ಗಾದಾಸ್ ಬಾವಲಿ. ಅದರ ಕೂಗು ಸುಮಾರು 1 ಲಕ್ಷ 70 ಸಾವಿರ. ಗೆರೆ ಎರಡೂ ಚಪ್ಪಟೆ. ಆದರೆ ಒಂದು ಕೆಳಗೆ, ಒಂದು ಮೇಲೆ. ಹೀಗಾಗಿ ಗವಿಯೊಳಗೆ ನುಗ್ಗದೆ, ಬಾವಲಿಗೆ ಗಾಬರಿ ಮಾಡದೆ, ಹೊರಗೆ ನಿಂತೇ ಯಾರಿದ್ದಾರೆ ಎಂದು ತಿಳಿಯಬಹುದು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಾವೂ ಹೊಟ್ಟೆಪಾಡಿಗೆ ಕಲ್ಲು ಒಡೆದವರೇ. ಬಂಡೆ ಸಿಡಿಸಿದಾಗ ಬಾವಲಿ ಎದ್ದು ಹೋಗ್ತಿದ್ವು. ಯಾವ ಬಾವಲಿ ಅಂತ ಯಾರು ನೋಡಿದರು? ಕಲ್ಲು ಬೇಡ ಅಂದ್ರೆ ಕೂಲಿಯವರು ಏನು ಮಾಡಬೇಕು?”

“ಅದೂ ನಿಜ ಅಜ್ಜಿ. ಕೂಲಿಯವರಿಗೆ ಬೇರೆ ಕೆಲಸ ಸಿಗಬೇಕು. ಆದರೆ ಈ ಬಾವಲಿಗೆ ಬೇರೆ ಗವಿ ಗೊತ್ತಿಲ್ಲ. ಅದು ಅಲ್ಲಿದೆ ಅಂತ ಮೊದಲೇ ಗೊತ್ತಾದರೆ, ಆ ಬಂಡೆ ಬಿಡಿ ಅಂತ ಕೇಳಬಹುದು. ಕೇಳೋಕೆ ದಾಖಲೆ ಬೇಕು.”

ಅಜ್ಜಿ ಪುಸ್ತಕ ತೆಗೆದಳು. ಪೆನ್ಸಿಲು ಹಿಡಿದಳು. “ದಿನಾಂಕ ಹೇಳು. ನಮ್ಮ ಸೂರಿನ ಬಾವಲಿ ಎಷ್ಟು ಹೊತ್ತಿಗೆ ಹೊರಟಿತು ಅಂತ ನಾನು ಬರೀತೀನಿ.”

ನೆನಪಿಡಿ

1. ಬಾವಲಿಗಳಿರುವ ಗವಿಗೆ ಹೊಗೆ ಹಾಕಬೇಡಿ, ಒಳಗೆ ನುಗ್ಗಬೇಡಿ.
2. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಕೂಡಲೇ ಆಸ್ಪತ್ರೆಗೆ ಹೋಗಿ.
3. ಹುಳ ತಿನ್ನುವ ಬಾವಲಿ ಬೆಳೆಯ ಕೀಟಗಳನ್ನೂ ತಿನ್ನುತ್ತದೆ.

ಉತ್ತರ ಬರೆಯಿರಿ

1. ಬಾವಲಿ ಹಾರುವಾಗ ಯಾಕೆ ಕೂಗುತ್ತದೆ?
2. ಸೂರಿನ ಬಾವಲಿಯ ಗೆರೆ ಹೇಗಿದೆ? ಎಲೆಮೂಗಿನ ಬಾವಲಿಯ ಗೆರೆ ಹೇಗಿದೆ? ಎರಡನ್ನೂ ಬರೆದು ತೋರಿಸಿ.
3. 1,00,000 ಸಲ ನಡುಗುವ ಕೂಗನ್ನು 20 ಪಟ್ಟು ನಿಧಾನ ಮಾಡಿದರೆ ಎಷ್ಟಾಗುತ್ತದೆ? ಲೆಕ್ಕ ಮಾಡಿ.
4. ಅಜ್ಜಿ ಕೇಳಿದ ಪ್ರಶ್ನೆಗೆ ನೀವು ಏನು ಹೇಳುತ್ತೀರಿ? ಗುಂಪಿನಲ್ಲಿ ಚರ್ಚಿಸಿ.