ಇಂದಿನ ಧಮ್ಮ ಚಿಂತನೆ: ಕೆಲಸ ನಿಂತಾಗ ಸಮ್ಮಾದಿಟ್ಠಿ



ನಮ್ಮ ಬಳಗದಲ್ಲಿ ಗೌರಿಬಿದನೂರು ಕಡೆಯಿಂದ ಗಾರ್ಮೆಂಟ್ಸಿಗೆ ಹೋಗುವ ಉಪಾಸಿಕೆಯರಿದ್ದಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿದ್ದಾರೆ. ಚಿಂತಾಮಣಿ, ಚಿಕ್ಕಬಳ್ಳಾಪುರದ ಶಾಲೆಗಳಲ್ಲಿ ಅತಿಥಿ ಶಿಕ್ಷಕರಾಗಿರುವವರಿದ್ದಾರೆ. ಇವರೆಲ್ಲರೂ ಒಂದಲ್ಲ ಒಂದು ಸಲ ಕೇಳಿರುವ ಮಾತು: "ಸದ್ಯಕ್ಕೆ ಕೆಲಸ ಇಲ್ಲ, ಮನೇಲಿರಿ, ಬೇಕಾದಾಗ ಫೋನ್ ಮಾಡ್ತೀವಿ." ಅಂದಿನಿಂದ ಸಂಬಳ ನಿಲ್ಲುತ್ತದೆ. ಫೋನ್ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಹೊತ್ತಿನಲ್ಲಿ ಧಮ್ಮ ಏನು ಹೇಳುತ್ತದೆ ಎಂದು ಕೆಲವರು ಕೇಳಿದ್ದರು.

"ಎಲ್ಲವೂ ಅನಿತ್ಯ, ಸಹಿಸಿಕೊಳ್ಳಿ" ಎನ್ನುವುದು ಸುಲಭದ ಉತ್ತರ. ಆದರೆ ಅದು ಅರ್ಧ ಮಾತ್ರ. ಅನಿತ್ಯ ಎಂದರೆ ಹಣೆಬರಹ ಅಲ್ಲ. ಕಾರಣದಿಂದ ಹುಟ್ಟಿದ್ದು ಕಾರಣ ಬದಲಾದರೆ ಬದಲಾಗುತ್ತದೆ ಎಂದು ಅದರ ಅರ್ಥ. ಹಾಗಾದರೆ ಮೊದಲು ಕಾರಣವನ್ನು ನೋಡಬೇಕು. ನೋಡಬೇಕಾದರೆ ಅದಕ್ಕೆ ಸರಿಯಾದ ಹೆಸರು ಇಡಬೇಕು. ಕನ್ನಡ ಮೇಷ್ಟ್ರಾದ ನನಗೆ ಸಮ್ಮಾದಿಟ್ಠಿ ಅಂದರೆ ಮೊದಲು ಹೊಳೆಯುವುದು ಇದೇ: ಸರಿಯಾದ ನೋಟ ಸರಿಯಾದ ಪದದಿಂದ ಶುರುವಾಗುತ್ತದೆ.

1. ಹೆಸರು

"ಮನೇಲಿರಿ" ಎಂಬ ಮಾತಿಗೆ ಕಾನೂನಿನಲ್ಲಿ ಮೂರು ಬೇರೆ ಬೇರೆ ಅರ್ಥ ಇರಬಹುದು. ಲೇ-ಆಫ್ ಎಂದರೆ ಮಾಲೀಕರ ಬಳಿ ಕಚ್ಚಾ ಮಾಲು, ವಿದ್ಯುತ್ ಇಲ್ಲ, ಅಥವಾ ಸಿದ್ಧ ಮಾಲು ಗುಡ್ಡೆ ಬಿದ್ದಿದೆ ಎಂಬಂಥ ಕಾರಣಕ್ಕೆ ಸದ್ಯಕ್ಕೆ ಕೆಲಸ ಕೊಡಲಾಗುತ್ತಿಲ್ಲ. ನಿಮ್ಮ ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೂ ಇದೆ. ಕೆಲಸದಿಂದ ತೆಗೆಯುವುದು ಬೇರೆ, ಅದಕ್ಕೆ ನೋಟಿಸು ಮತ್ತು ಪರಿಹಾರದ ನಿಯಮ ಬೇರೆ. ರಾಜೀನಾಮೆ ಎಂದರೆ ನೀವಾಗಿ ಬಿಟ್ಟಿರಿ ಎಂದು ಬರೆದುಕೊಟ್ಟಂತೆ. ಮೂರನ್ನೂ ಕಲಸಿಬಿಟ್ಟರೆ ನಷ್ಟ ನಮಗೇ.

ಸರಾಸರಿ 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ನಿರಂತರ ಸೇವೆ ಮಾಡಿದವರಿಗೆ ಲೇ-ಆಫ್ ದಿನಗಳಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಅಂಶ ಉಳಿದಿದೆ. ಇಲ್ಲೊಂದು ಷರತ್ತು: ಕೆಲಸದ ವೇಳೆಗೆ ಹೋಗಿ ಹಾಜರಿ ತೋರಿಸದಿದ್ದರೆ ಪರಿಹಾರ ತಪ್ಪಿಹೋಗಬಹುದು. "ಮನೇಲಿರಿ" ಎಂಬ ಬಾಯಿಮಾತು ಎಷ್ಟು ದುಬಾರಿ ನೋಡಿ. ಬರಹದಲ್ಲಿ ಕೇಳಿ. ಮನೆಯಲ್ಲಿ ಓದಿ ತಿಳಿದವರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

2020ರ ಜೂನ್ 6ರಂದು ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಂಪನಿಯಲ್ಲಿ (ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ) ಸುಮಾರು 1,300 ಮಂದಿಗೆ ಲೇ-ಆಫ್ ಆಯಿತು. ಹೆಚ್ಚಿನವರು ಹೆಂಗಸರು. ಸರ್ಕಾರದ ಅನುಮತಿ ಪಡೆದಿಲ್ಲ ಎಂಬುದು ಕಾರ್ಮಿಕ ಸಂಘದ ತಕರಾರಾಗಿತ್ತು. ಅವರು ಮನೆಯಲ್ಲಿ ಕೂರದೆ ಕಾರ್ಖಾನೆಯಲ್ಲೇ ಧರಣಿ ಕೂತರು. ವಾರಗಳು ಕಳೆದಂತೆ ಬಹಳ ಮಂದಿ ರಾಜೀನಾಮೆಗೆ ಸಹಿ ಹಾಕಬೇಕಾಯಿತು. ಆದರೂ ಸಂಘ ಬಿಡಲಿಲ್ಲ. 2021ರ ಆರಂಭದಲ್ಲಿ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಒಪ್ಪಂದವಾಯಿತು.

ಹಸಿದವರು ಸಹಿ ಹಾಕುವುದು ಏಕೆ ಎಂದು ಬಾಬಾಸಾಹೇಬರು 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಕೃತಿಯಲ್ಲೇ ವಿವರಿಸಿದ್ದಾರೆ. ಕೆಲಸವಿಲ್ಲದವನ ಮುಂದೆ ಒಂದು ಕೆಲಸ ಇಟ್ಟು, ಸಂಘ ಸೇರಬೇಡ ಎಂಬ ಷರತ್ತು ಹಾಕಿದರೆ ಅವನು ಏನು ಆರಿಸಿಕೊಂಡಾನು? ಹಸಿವಿನ ಭಯ ಮೂಲಭೂತ ಹಕ್ಕನ್ನೇ ಬಿಟ್ಟುಕೊಡಿಸುತ್ತದೆ ಎಂಬುದು ಅವರ ವಾದ. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನಡೆಸಿದವರ ಮಾತು ಇದು.

2. ಎರಡನೆಯ ಬಾಣ

ಸಲ್ಲ ಸುತ್ತದಲ್ಲಿ ಭಗವಾನ್ ಬುದ್ಧರು ಎರಡು ಬಾಣಗಳ ಹೋಲಿಕೆ ಕೊಡುತ್ತಾರೆ. ಮೊದಲ ಬಾಣ ಮೈಗೆ ತಾಗಿದ ನೋವು. ಅದರ ಸುತ್ತ ಮನಸ್ಸು ಹೆಣೆಯುವ ಗೋಳು ಎರಡನೆಯದು. ಸಂಬಳ ನಿಂತದ್ದು ಮೊದಲ ಬಾಣ. "ನಾನೇ ಕೈಲಾಗದವನು, ನನ್ನ ಪೂರ್ವಜನ್ಮದ ಕರ್ಮ, ನೆಂಟರಿಗೆ ಹೇಗೆ ಮುಖ ತೋರಿಸಲಿ" ಎನ್ನುವುದು ಎರಡನೆಯದು. ಮನೆಯವರಿಗೆ ಹೇಳದೆ ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಮಾಡುವವರನ್ನು ನಾನು ಬಲ್ಲೆ. ನಮ್ಮ ಹಿರಿಯರಿಗೆ ತಲೆತಲಾಂತರದಿಂದ ಚುಚ್ಚಿದ್ದೇ ಈ ಎರಡನೆಯ ಬಾಣ: ನಿನ್ನ ಕಷ್ಟಕ್ಕೆ ನಿನ್ನ ಹುಟ್ಟೇ ಕಾರಣ ಎಂಬುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಅದನ್ನು ಕಿತ್ತೆಸೆದರು. ಅದನ್ನು ಮತ್ತೆ ನಾವೇ ಚುಚ್ಚಿಕೊಳ್ಳಬಾರದು.

ಮೊದಲ ಬಾಣವನ್ನು ಧ್ಯಾನ ಕೀಳುವುದಿಲ್ಲ. ಅದಕ್ಕೆ ಹಕ್ಕು, ಸಂಘ, ಕಚೇರಿ ಬೇಕು. ಎರಡನೆಯದನ್ನು ಕಚೇರಿ ಕೀಳುವುದಿಲ್ಲ. ಅದಕ್ಕೆ ಧಮ್ಮ ಬೇಕು. ಎರಡೂ ಬೇಕು.

3. ಕಾನೂನು ಮುಟ್ಟದ ಕಡೆ

ಶಿಡ್ಲಘಟ್ಟದ ಅನೇಕ ರೀಲಿಂಗ್ ಘಟಕಗಳಲ್ಲಿ 50 ಜನ ಎಲ್ಲಿದ್ದಾರೆ? ಗೂಡಿನ ಹರಾಜು ದರ ಏರಿ, ನೂಲಿನ ದರ ಏರದಿದ್ದರೆ ರೀಲರು ಗೂಡು ಕೊಳ್ಳುವುದಿಲ್ಲ. ಅಂದು ಬಿಸಿನೀರಿನಲ್ಲಿ ಕೈ ಅದ್ದಿ ಎಳೆ ಹುಡುಕುವವರಿಗೆ ಕೂಲಿ ಇಲ್ಲ. ಶಾಲೆಯ ವರ್ಷ ಮುಗಿದರೆ ಅತಿಥಿ ಶಿಕ್ಷಕರ ಗೌರವಧನವೂ ನಿಲ್ಲುತ್ತದೆ. ಇವರಿಗೆ ಲೇ-ಆಫ್ ಪರಿಹಾರದ ನಿಯಮ ತಲುಪುವುದಿಲ್ಲ.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಒಡೆಯನ ಕರ್ತವ್ಯ ಹೇಳುವಾಗ ಇಷ್ಟು ಜನರಿದ್ದರೆ ಮಾತ್ರ ಎಂದು ಎಣಿಸಲಿಲ್ಲ. ಶಕ್ತಿಗೆ ತಕ್ಕ ಕೆಲಸ, ಅನ್ನ ಮತ್ತು ವೇತನ, ಕಾಯಿಲೆಯಲ್ಲಿ ಆರೈಕೆ, ಒಳ್ಳೆಯ ತಿನಿಸಿನಲ್ಲಿ ಪಾಲು, ಸಕಾಲಕ್ಕೆ ಬಿಡುವು ಎಂದರು. ಪಾಲಿಯಲ್ಲೂ ಅದು 'ವೇತನ' ಎಂಬ ಪದವೇ. ಸಂಬಳ ಕೇಳುವುದು ತಣ್ಹಾ ಅಲ್ಲ, ಧಮ್ಮದ ಲೆಕ್ಕದಲ್ಲೇ ಅದು ನಮಗೆ ಸಲ್ಲಬೇಕಾದದ್ದು.

ಕಾನೂನು ಅಲ್ಲಿಗೆ ತಲುಪುವ ತನಕ ಬಳಗ ತಲುಪಬೇಕು. ಅದಕ್ಕೆ ಈ ನಾಲ್ಕು ಕೆಲಸ:

• ಕೆಲಸ ನಿಂತ ಸುದ್ದಿಯನ್ನು ಅಂದೇ ಮನೆಯಲ್ಲಿ ಹೇಳಿ, ಆ ವಾರವೇ ಬಳಗದಲ್ಲಿ ಹೇಳಿ.
• ಬಾಕಿ ಸಂಬಳ, ಪಿ.ಎಫ್., ಗುರುತಿನ ಚೀಟಿಯ ಪ್ರತಿ ಒಂದೇ ಕವರಿನಲ್ಲಿಡಿ. ಕಾರ್ಮಿಕ ಇಲಾಖೆಗೆ ಒಬ್ಬರೇ ಹೋಗಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೂ ಎಲ್ಲ ಮಹಿಳೆಯರಿಗೂ ಕೋರ್ಟಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ.
• ಸಾಲದ ಮೇಲೆ ಸಾಲ ಬೇಡ. ಸಾಲವಿಲ್ಲದಿರುವುದನ್ನೇ ಗೃಹಸ್ಥನ ನಾಲ್ಕು ಸುಖಗಳಲ್ಲಿ ಒಂದು ಎಂದರು ಬುದ್ಧರು. ಈಗಾಗಲೇ ಸಾಲವಿದ್ದು ಮೈಕ್ರೋ ಫೈನಾನ್ಸಿನವರು ಬೆದರಿಸಿದರೆ, 2025ರ ಕರ್ನಾಟಕ ಕಾಯ್ದೆಯ ಪ್ರಕಾರ ಅದು ಅಪರಾಧ. ಪೊಲೀಸರಿಗೆ ದೂರು ಕೊಡಿ.
• ಕೆಲಸ ಇರುವವರು ತಿಂಗಳಿಗೆ ಒಂದು ದಿನದ ತರಕಾರಿ ಖರ್ಚಿನಷ್ಟನ್ನು ದಾನದ ಡಬ್ಬಿಗೆ ಹಾಕಿ. ಪಡೆಯುವವರು ತಲೆ ತಗ್ಗಿಸಬೇಕಿಲ್ಲ. ನಾಳೆ ನಮ್ಮ ಸರದಿ ಇರಬಹುದು.

ಇಂದಿನ ಅಭ್ಯಾಸ: ಹತ್ತು ನಿಮಿಷ ಆನಾಪಾನ. ಆಮೇಲೆ ಒಂದು ಹಾಳೆಯಲ್ಲಿ ಗೆರೆ ಎಳೆದು, ಒಂದು ಕಡೆ ನಿಜವಾಗಿ ಆಗಿರುವುದನ್ನು, ಇನ್ನೊಂದು ಕಡೆ ಮನಸ್ಸು ಸೇರಿಸಿದ್ದನ್ನು ಬರೆಯಿರಿ. ಮೊದಲನೆಯದನ್ನು ಭಾನುವಾರದ ಸಭೆಗೆ ತನ್ನಿ, ಒಟ್ಟಿಗೆ ನೋಡೋಣ. ಎರಡನೆಯದನ್ನು ಹರಿದುಹಾಕಿ.

ಕೆಲಸ ನಿಂತಿರುವ ಒಬ್ಬರಿಗಾದರೂ ಇದನ್ನು ಕಳಿಸಿ. ಕಳಿಸಿದ ಮೇಲೆ ಫೋನ್ ಕೂಡ ಮಾಡಿ.

ಸಾಧು, ಸಾಧು, ಸಾಧು. ಜೈ ಭೀಮ್ 🙏