ಏಕಾದಶೀ ನಿರ್ಣಯವೂ ಊರಿನ ಸೂರ್ಯೋದಯವೂ

ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳುಳ್ಳದ್ದು ಪಂಚಾಂಗ. ಇವುಗಳಲ್ಲಿ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ ನಡೆಯತಕ್ಕದ್ದು. ತಿಥಿಯಾದರೋ ಹಗಲಿರುಳಿನ ಯಾವ ಗಳಿಗೆಯಲ್ಲಾದರೂ ಆರಂಭವಾಗಬಹುದು, ಮುಗಿಯಬಹುದು. ಚಂದ್ರನು ಸೂರ್ಯನಿಂದ 12 ಅಂಶಗಳಷ್ಟು ಮುಂದೆ ಸರಿಯಲು ಬೇಕಾಗುವ ಕಾಲವೇ ಒಂದು ತಿಥಿ. ಚಂದ್ರನ ಗತಿ ಏಕಪ್ರಕಾರವಾಗಿಲ್ಲದ ಕಾರಣ ಈ ಕಾಲವು ಸುಮಾರು 20ರಿಂದ 27 ಗಂಟೆಗಳವರೆಗೆ ಹೆಚ್ಚುಕಡಿಮೆಯಾಗುತ್ತದೆ.

ಸಾಮಾನ್ಯವಾಗಿ ಸೂರ್ಯೋದಯಕ್ಕಿರುವ ತಿಥಿಯೇ ಆ ದಿನದ ತಿಥಿ. ಆದರೆ ಏಕಾದಶಿಗೆ ಇಷ್ಟೇ ಸಾಲದು. ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಗಳಿಗೆಗಳ ಕಾಲಕ್ಕೆ ಅರುಣೋದಯವೆಂದು ಹೆಸರು. ಗಳಿಗೆಗೆ 24 ನಿಮಿಷದಂತೆ ಅದು 1 ಗಂಟೆ 36 ನಿಮಿಷ. ಈ ಕಾಲದಲ್ಲಿ ದಶಮಿಯ ಸ್ಪರ್ಶವಿದ್ದರೆ ಆ ಏಕಾದಶಿ ವಿದ್ಧವೆನಿಸುವುದು. ಉಪವಾಸವನ್ನು ಮರುದಿನ ಆಚರಿಸತಕ್ಕದ್ದು. ಶ್ರೀಮದಾಚಾರ್ಯರು 'ಕೃಷ್ಣಾಮೃತಮಹಾರ್ಣವ'ದಲ್ಲಿ ಏಕಾದಶೀವ್ರತದ ವಿಚಾರವನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ.

ಪರಸ್ಥಳಗಳಲ್ಲಿ ನೆಲೆಸಿರುವ ನಾವು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ತಿಥಿ ಮುಗಿಯುವ ಕ್ಷಣ ದೇಶಕ್ಕೆಲ್ಲ ಒಂದೇ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ದಶಮಿಯು ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ಮುಗಿಯುವುದೆಂದು ಇಟ್ಟುಕೊಳ್ಳೋಣ. ಚೆನ್ನೈಯಲ್ಲಿ ಸೂರ್ಯೋದಯ 6 ಗಂಟೆಗಾದರೆ ಅರುಣೋದಯದ ಆರಂಭ 4-24ಕ್ಕೆ. ಆಗ ದಶಮಿ ಇನ್ನೂ ಇರುವುದರಿಂದ ಏಕಾದಶಿ ವಿದ್ಧ. ಅದೇ ದಿನ ಮುಂಬಯಿಯಲ್ಲಿ ಸೂರ್ಯೋದಯ 6-30ಕ್ಕೆ, ಅರುಣೋದಯ 4-54ಕ್ಕೆ. ಅಷ್ಟರೊಳಗೆ ದಶಮಿ ಕಳೆದಿರುವುದರಿಂದ ಅಲ್ಲಿ ಏಕಾದಶಿ ಶುದ್ಧ. ಒಂದೇ ಮನೆತನದ ಅಣ್ಣತಮ್ಮಂದಿರು ಬೇರೆ ಬೇರೆ ದಿನ ಉಪವಾಸ ಮಾಡಿದರೂ, ಗಣಿತದಂತೆ ಇಬ್ಬರದೂ ಸರಿಯೇ!

ಗಡಿಯಾರ ಒಂದೇ ಆಗಿದ್ದೂ ಈ ಭೇದವೇಕೆ? ಹಿಂದೆ ರೈಲುಗಳು ಮದರಾಸಿನ ವೇಳೆಯಂತೆ ಓಡುತ್ತಿದ್ದವು. 1906ರಲ್ಲಿ 82½ ಅಂಶ ಪೂರ್ವರೇಖಾಂಶದ ಭಾರತೀಯ ವೇಳೆ ಬಳಕೆಗೆ ಬಂದಿತು. ರೇಖಾಂಶದ ಒಂದೊಂದು ಅಂಶಕ್ಕೂ ನಾಲ್ಕು ನಿಮಿಷ ವ್ಯತ್ಯಾಸ. ಮುಂಬಯಿಯು ಚೆನ್ನೈಗಿಂತ ಸುಮಾರು ಏಳೂವರೆ ಅಂಶ ಪಶ್ಚಿಮಕ್ಕಿರುವುದರಿಂದ ಅಲ್ಲಿ ಉದಯವು ಅರ್ಧ ಗಂಟೆ ತಡ. ಅಕ್ಷಾಂಶಭೇದದಿಂದ ಈ ಅಂತರವು ಜೂನ್‌ನಲ್ಲಿ ಸುಮಾರು 20 ನಿಮಿಷಕ್ಕಿಳಿದು, ಡಿಸೆಂಬರ್‌ನಲ್ಲಿ ಸುಮಾರು 40 ನಿಮಿಷಕ್ಕೇರುತ್ತದೆ.

ರಾಹುಕಾಲಕ್ಕೂ ಇದೇ ನ್ಯಾಯ. ಹಗಲನ್ನು ಎಂಟು ಭಾಗ ಮಾಡಿದಾಗ ಸೋಮವಾರದ ಎರಡನೆಯ ಭಾಗ ರಾಹುಕಾಲ. ಅದನ್ನು ಏಳೂವರೆಯಿಂದ ಒಂಬತ್ತು ಎನ್ನುವುದು, ಉದಯ 6 ಗಂಟೆಗೆ, ಹಗಲು 12 ಗಂಟೆ ಇದ್ದಾಗ ಮಾತ್ರ ಹೊಂದುವ ಲೆಕ್ಕ.

ಆದುದರಿಂದ ಗೋಡೆಯ ಕ್ಯಾಲೆಂಡರನ್ನೇ ನಂಬಿ ವ್ರತಕ್ಕೆ ತೊಡಗದೆ, ಅದು ಯಾವ ಊರಿನ ಸೂರ್ಯೋದಯದಂತೆ ಗಣಿತವಾದದ್ದೆಂಬುದನ್ನು ಮೊದಲು ನೋಡಬೇಕು. ದ್ವಾದಶಿಯ ಪಾರಣೆಯ ವೇಳೆಯನ್ನೂ ಹೀಗೆಯೇ ಪರಿಶೀಲಿಸಬೇಕು. ದಶಮಿಯ ಅಂತ್ಯವು ಅರುಣೋದಯದ ಸಮೀಪದಲ್ಲಿದ್ದರೆ ಸ್ವಂತ ತೀರ್ಮಾನಕ್ಕೆ ಹೋಗದೆ, ತಮ್ಮ ಮಠದ ಪಂಚಾಂಗವನ್ನು ನೋಡಿ, ಶಾಖೆಯ ಪಂಡಿತರನ್ನು ಮುಂಚಿತವಾಗಿ ವಿಚಾರಿಸುವುದು ಶ್ರೇಯಸ್ಕರ. ಗಣಿತವು ಕಾಲವನ್ನು ತಿಳಿಸುತ್ತದೆ. ಆಚರಣೆಗೆ ಗುರುಪರಂಪರೆಯ ನಿರ್ಣಯವೇ ಪ್ರಮಾಣ.

ಶ್ರೀಕೃಷ್ಣಾರ್ಪಣಮಸ್ತು.