ಈಜು ಕಲಿಸುವವರು ಏನೇನು ಕಲಿಯಬೇಕು?



ನಮ್ಮ ಸುತ್ತ ಹರಿಯುವ ನೀರು ಬಹಳ. ಸಿರುಗುಪ್ಪದ ಕಡೆ ತುಂಗಭದ್ರಾ ನದಿ, ಕುರುಗೋಡು ಕಡೆ ಕೆಳಮಟ್ಟದ ಕಾಲುವೆ, ಬಳ್ಳಾರಿ ಪಕ್ಕ ಮೇಲ್ಮಟ್ಟದ ಕಾಲುವೆ. ಈ ನೀರಿನಿಂದಲೇ ನಮ್ಮ ಭತ್ತದ ಗದ್ದೆಗಳು ಹಸಿರು. ಆದರೆ ಇದೇ ನೀರು ಜೀವಾನೂ ತಗೊಳ್ತೈತಿ. 2022ರ ಸೆಪ್ಟೆಂಬರ್‌ನಲ್ಲಿ ಕೊಳಗಲ್ಲು ಹತ್ತಿರ ಕೂಲಿ ಹೆಂಗಸರಿದ್ದ ಆಟೋ ಕಾಲುವೆಗೆ ಬಿದ್ದು ಜೀವಗಳು ಹೋದವು. ಗಂಡುಹುಡುಗರು ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲೀತಾರೆ. ನಮಗೆ ಹೆಣ್ಣುಮಕ್ಕಳಿಗೆ ಕಲಿಸೋರು ಯಾರು? ಅದಕ್ಕೇ ನಾನು ಮುಂದೆ ಈಜು ಶಿಕ್ಷಕಿ ಆಗಬೇಕು ಅಂತೀನಿ. ಅದಕ್ಕಾಗಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ತಾನು ಈಜುವುದು: ಜೋರಾಗಿ ಈಜಿದರೆ ಸಾಲದು. ಅಂಗಾತ ತೇಲಬೇಕು. ಬಟ್ಟೆ ಮೈಮೇಲಿದ್ದರೂ ಈಜಬೇಕು. ಕಾಲುವೆಗೆ ಬೀಳೋರು ಬಟ್ಟೆ ಬಿಚ್ಚಿಟ್ಟು ಬೀಳೋದಿಲ್ಲವಲ್ಲ!

2. ನೀರನ್ನು ತಿಳಿಯುವುದು: ಕಾಲುವೆ ಮೇಲೆ ಶಾಂತ, ಒಳಗೆ ಸೆಳೆತ. ಇಳಿಜಾರಿನ ಕಾಂಕ್ರೀಟು ಪಾಚಿ ಕಟ್ಟಿ ಜಾರುತ್ತದೆ. ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ಆದ್ದರಿಂದ ಹೊಸಬರಿಗೆ ಆಳವಿಲ್ಲದ ಕೊಳದಲ್ಲೇ ಕಲಿಸಬೇಕು.

3. ಕಾಪಾಡುವುದು: ಇದೇ ಮುಖ್ಯ ಪಾಠ. ಮುಳುಗುವವರು ಸಿಕ್ಕವರನ್ನು ಗಟ್ಟಿಯಾಗಿ ತಬ್ಬಿಕೊಳ್ತಾರೆ. ಹಾರಿದವರೂ ಮುಳುಗ್ತಾರೆ. ಅದಕ್ಕೆ ಮೊದಲು ಕೂಗಿ ಜನ ಸೇರಿಸಬೇಕು. ದಡದಲ್ಲೇ ಮಲಗಿ ಕೋಲು ಅಥವಾ ಸೀರೆ ಚಾಚಬೇಕು. ದೂರ ಇದ್ದರೆ ಹಗ್ಗ ಇಲ್ಲವೇ ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಬೇಕು. ನದಿಯಲ್ಲಿ ಹರಿಗೋಲು ಇದ್ದರೆ ಅದು. ನೀರಿಗೆ ಇಳಿಯುವುದು ಕಟ್ಟಕಡೆಗೆ, ಅದೂ ತರಬೇತಿ ಆದವರು ಮಾತ್ರ.

4. ಉಸಿರು ಕೊಡುವುದು: ಹೊಟ್ಟೆ ಒತ್ತಿ ನೀರು ತೆಗೆಯೋದು, ತಲೆಕೆಳಗು ಮಾಡಿ ತಿರುಗಿಸೋದು ತಪ್ಪು. ಅದರಿಂದ ಹೊತ್ತು ಹೋಗುತ್ತದೆ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಂದ ಉಸಿರು ಕೊಡಬೇಕು. ನಂತರ 30 ಸಲ ಎದೆ ಒತ್ತಿ 2 ಸಲ ಉಸಿರು, ಹೀಗೆ ಬಿಡದೆ ಮಾಡಬೇಕು. ತರಬೇತಿಯಲ್ಲಿ ಇದನ್ನು ಬೊಂಬೆಯ ಮೇಲೆ ಮಾಡಿಸುತ್ತಾರೆ. ಇನ್ನೊಬ್ಬರು ಕೂಡಲೇ 108ಕ್ಕೆ ಫೋನ್ ಮಾಡಬೇಕು.

5. ಕಲಿಸುವುದು: ಹೊಸ ಮಗು ಕೈಗೆ ಎಟಕುವಷ್ಟು ಹತ್ತಿರ ಇರಬೇಕು. ನೀರಿಗಿಳಿಯುವಾಗ, ಮೇಲೆ ಬಂದಾಗ ತಲೆ ಎಣಿಸಬೇಕು. ಹೆದರಿದ ಮಗುವನ್ನು ನೂಕಬಾರದು.

1961ರಲ್ಲಿ ಪಟಿಯಾಲದಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಈಜು ತರಬೇತುದಾರರನ್ನು ತಯಾರು ಮಾಡುತ್ತದೆ. ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಜೀವರಕ್ಷಕರಿಗೆ ತರಬೇತಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಶಾಲಾ ಮಕ್ಕಳಿಗೆ ಈಜು ಕಲಿಸಿರಿ ಎಂದು ಆ ಸಂಸ್ಥೆ ಹೇಳುತ್ತದೆ. ಜುಲೈ 25 ಮುಳುಗು ಸಾವು ತಡೆಯುವ ವಿಶ್ವ ದಿನ.

ಗುರುಗಳೇ, ಆ ದಿನ ನಮ್ಮ ಶಾಲೆಯಲ್ಲಿ ಹಗ್ಗ ಎಸೆಯುವ ಅಭ್ಯಾಸ ಮಾಡಿಸಬಹುದಲ್ಲವೇ? ಅದಕ್ಕೆ ಕೊಳ ಬೇಡ, ನಮ್ಮ ಆಟದ ಬಯಲೇ ಸಾಕು.

ನೆನಪಿಡಿ: ಹಾರಬೇಡಿ, ಕೂಗಿ, ಚಾಚಿ, ಎಸೆಯಿರಿ.

— 9ನೇ ತರಗತಿ ವಿದ್ಯಾರ್ಥಿನಿ